ಡಾಮರು ಮುಟ್ಟದ ಸೈಕಲ್ಲು

ನಮ್ಮ ಬಾಪ್ಪುವಿನ ಸೈಕಲ್ಲು ಅದರ ಆಯುಷ್ಯದಲ್ಲಿ ಓಡಿದ ದೂರವನ್ನು ಉದ್ದಕ್ಕೆ ಹಾಸಿದರೆ ಭೂಮಿಗೆ ಎರಡು ಸುತ್ತು ಬರುತ್ತಿತ್ತೋ ಏನೋ. ಆದರೆ ಅಷ್ಟು ದೂರದಲ್ಲಿ ನಾನು ಕಂಡಂತೆ ಒಂದು ಗೇಣು ಡಾಮರು ರಸ್ತೆಯೂ ಇರಲಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಯಾಕೆಂದರೆ ಆ ಸೈಕಲ್ಲಿನ ಕ್ಯಾರಿಯರಿನ ಮೇಲೆ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ವರ್ಷಗಟ್ಟಲೆ ಕೂತು ಬಂದವಳು ನಾನು!

ನಮ್ಮ ಮನೆಮಾತು ಕೊಂಕಣಿ. ಅಪ್ಪನ ತಮ್ಮನನ್ನು ನಾವು ಬಾಪ್ಪು ಎನ್ನುತ್ತೇವೆ, ಅಮ್ಮನನ್ನು ಮಾಂಯ್, ಹುಡುಗಿಯರನ್ನು ಬಾಯೆ. ಶಂಕರಪುರದಲ್ಲಿ ನಮಗೊಂದು ಮಲ್ಲಿಗೆ ತೋಟವಿತ್ತು. ತೋಟ ಎಂದ ಕೂಡಲೇ ದೊಡ್ಡದಾಗಿ ಊಹಿಸಬೇಡಿ, ಅಂಗಳದ ಸುತ್ತ ಮೂವತ್ತು ನಲ್ವತ್ತು ಗಿಡ, ಅಷ್ಟೆ. ಮಾಂಯ್ ಮತ್ತು ನಾನು ಬೆಳಿಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದು. ಬಾಪ್ಪು ಅದನ್ನೂ, ರಸ್ತೆಯೇ ಇಲ್ಲದ ಒಳಗಿನ ಮನೆಗಳವರು ಕಟ್ಟಿಟ್ಟ ಹೂವನ್ನೂ ಬಾಳೆಲೆಯಲ್ಲಿ ಸುತ್ತಿಕೊಂಡು, ನನ್ನನ್ನು ಶಾಲೆಗೆ ಬಿಡುವ ದಾರಿಯಲ್ಲೇ ಹೂವಿನ ವ್ಯಾಪಾರಿಗೆ ತಲುಪಿಸುವುದು. ಹೂವು ನನ್ನ ಮಡಿಲಲ್ಲಿ, ನಾನು ಕ್ಯಾರಿಯರಿನಲ್ಲಿ, ಕ್ಯಾರಿಯರು ದೇವರ ಕೈಯಲ್ಲಿ.

ದಾರಿ ಎಂದೆನಲ್ಲ, ಅದು ಬಾಯಿತಪ್ಪಿ ಬಂದ ಮಾತು. ಬಾಪ್ಪುವಿಗೆ ದಾರಿ ಎಂದರೆ ಗದ್ದೆಯ ಬದುವಿನ ಹುಣಿ, ಹಳ್ಳದಂಥ ತೋಡಿನ ಮರಳು ಹೊಯಿಗೆ, ಕೆಂಪುಕಲ್ಲಿನ ಕೋರೆಯ ಅಂಚು, ಗೇರುಹಾಡಿ, ಯಾರದೋ ಮನೆಯ ಅಂಗಳ, ಒಮ್ಮೊಮ್ಮೆ ಅದೇ ಮನೆಯ ಅಡುಗೆಕೋಣೆಯ ಹಿಂಬದಿ. "ಎಂತ ಅಡುಗೆ ಇವತ್ತು?" ಎಂದು ಕೇಳಿ, ಉತ್ತರ ಬರುವುದರೊಳಗೆ ಮಾಯ! ಡಾಮರು ರಸ್ತೆ ಹತ್ತು ಮಾರು ದೂರದಲ್ಲಿ ನುಣ್ಣಗೆ ಮಲಗಿದ್ದರೂ ನಾವು ಮಾತ್ರ ಮುಳ್ಳಿನ ಪೊದೆಯೊಳಗಿಂದ ಹೊರಗೆ ಬರುತ್ತಿದ್ದೆವು. ಈಗ ಕೆಲವರು ದಪ್ಪ ಟಯರಿನ ಸೈಕಲ್ಲು ಕೊಂಡು, ತಲೆಗೆ ಚಿಪ್ಪು ಹಾಕಿಕೊಂಡು, ಬೇಕೆಂದೇ ಕೆಸರಿನಲ್ಲಿ ಓಡಿಸಿ ಅದನ್ನು ಸಾಹಸ ಕ್ರೀಡೆ ಎನ್ನುತ್ತಾರಂತೆ. ನನಗೆ ಆ ಕ್ರೀಡೆ ಮೂರನೆಯ ಕ್ಲಾಸಿನಿಂದಲೇ ಕಡ್ಡಾಯವಾಗಿತ್ತು!

ಆ ಸೈಕಲ್ಲೋ, ಕಪ್ಪು ಬಣ್ಣದ ಗಂಡಸರ ಸೈಕಲ್ಲು. ಎತ್ತರ ನೋಡಿದರೆ ಕರುವಿನಷ್ಟು, ಭಾರ ನೋಡಿದರೆ ಕರುವಿನ ತಾಯಿಯಷ್ಟು. ಹಿಂದಿನ ಬ್ರೇಕಿಗೆ ಕೆಸರು ಸಿಕ್ಕಿಕೊಳ್ಳುತ್ತದೆಂದು ಬಾಪ್ಪು ಅದನ್ನು ಕಳಚಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದರು. ಮುಂದಿನ ಬ್ರೇಕು ಇತ್ತು. ಹಿಡಿದರೆ ಸೈಕಲ್ಲು ನಿಲ್ಲುತ್ತಿರಲಿಲ್ಲ, ಅಳುತ್ತಿತ್ತು. ಹಾಗಾದರೆ ಸೈಕಲ್ಲು ನಿಲ್ಲುವುದು ಹೇಗೆ? ಅದಕ್ಕೆ ನಾನು!

"ಬಾಯೆ, ಕಾಲು ಕೊಡು!" ಎಂದು ಅವರು ಕೂಗಿದ ಕೂಡಲೇ ನಾನು ಎರಡೂ ಕಾಲನ್ನು ನೆಲಕ್ಕೆ ಒತ್ತಿ ಎಳೆಯಬೇಕು. ಧೂಳು, ಕಲ್ಲು, ಕಿರುಚಾಟ, ಎಲ್ಲ ನನ್ನದೇ. ನನ್ನ ಹವಾಯಿ ಚಪ್ಪಲಿಗಳು ಎರಡು ತಿಂಗಳಿಗೊಮ್ಮೆ ಸವೆದು ಕಾಗದವಾಗುತ್ತಿದ್ದವು. ನಾನು ಶಾಲೆಯಲ್ಲಿ ಪಾಠ ಕೇಳುವುದು ಬಿಟ್ಟು ಕುಣಿಯುತ್ತಿದ್ದೇನೆ ಎಂದು ಮಾಂಯ್‌ಗೆ ಬಹಳ ದಿನ ಅನುಮಾನವಿತ್ತು.

ಈಗ ನನ್ನ ಬಗ್ಗೆ ಒಂದು ಮಾತು. ನಾನು ಹೆದರುಪುಕ್ಕಲಿ. ಇದರಲ್ಲಿ ನಾಚಿಕೆ ಎಂತದ್ದು? ಕಪ್ಪೆಗೆ ಹೆದರುತ್ತಿದ್ದೆ, ಬಾವಿಗೆ ಹೆದರುತ್ತಿದ್ದೆ, ಇಗರ್ಜಿಯಲ್ಲಿ ಪಾದ್ರಿಗಳು ಜೋರಾಗಿ ಕೆಮ್ಮಿದರೂ ಹೆದರುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಹೆದರಿಕೆ, ಆಮೇಲೆ ಹಲ್ಲುಜ್ಜುವುದು. ಇಂಥವಳನ್ನು ಆ ಸೈಕಲ್ಲಿನ ಮೇಲೆ ಕೂರಿಸಿದ್ದು ಯಾಕೆ ಎಂದು ಕೇಳಿದರೆ, ಅದನ್ನು ಹೇಳಿಯೇ ಮುಂದೆ ಹೋಗಬೇಕು.

ನನಗೆ ಎರಡು ವರ್ಷವಾಗಿದ್ದಾಗ ನನ್ನ ಪಪ್ಪ ಹೆದ್ದಾರಿಯಲ್ಲಿ ಬಸ್ಸು ಬಡಿದು ತೀರಿಕೊಂಡರು. ಸೈಕಲ್ ತುಳಿಯುತ್ತಿದ್ದವರು ಬಾಪ್ಪು, ಹಿಂದೆ ಕ್ಯಾರಿಯರಿನಲ್ಲಿ ಕೂತಿದ್ದವರು ಪಪ್ಪ. ಬಾಪ್ಪುವಿಗೆ ಮೊಣಕೈ ತರಚಿತ್ತು, ಅಷ್ಟೆ. ಅವರು ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು, ನನ್ನನ್ನು ಬಸ್ಸು ಹತ್ತಲು ಬಿಡಲಿಲ್ಲ. ಈ ಸಂಗತಿಯನ್ನು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಬಾಪ್ಪುವಿಗೆ ರಸ್ತೆ ಎಂದರೆ ಹೆದರಿಕೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಮ್ಮೆ ಮಾಂಯ್ ಹತ್ತಿರ ಕೇಳಿಯೂ ಬಿಟ್ಟೆ. "ಹೂ ಕಟ್ಟು, ಸುಮ್ಮನೆ," ಎಂದರು. ಹೀಗೆ ಒಂದು ಸೈಕಲ್ಲಿನ ಮೇಲೆ ಇಬ್ಬರು ಹೆದರುವವರು. ಅವರಿಗೆ ರಸ್ತೆ ಒಂದರದ್ದೇ ಹೆದರಿಕೆ, ನನಗೆ ಮಿಕ್ಕ ಎಲ್ಲದರದ್ದು.

ಚಳಿಗಾಲದ ಸವಾರಿ ಇನ್ನೂ ಚೆಂದ. ಕರಾವಳಿಯಲ್ಲಿ ಎಂಥ ಚಳಿ ಎಂದು ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಒದ್ದೆ ಹುಲ್ಲಿನ ಮೇಲೆ, ಬ್ರೇಕಿಲ್ಲದ ಸೈಕಲ್ಲಿನಲ್ಲಿ, ಮಡಿಲಲ್ಲಿ ನೀರು ಚಿಮುಕಿಸಿದ ಹೂವಿಟ್ಟುಕೊಂಡು ಒಮ್ಮೆ ಕೂತು ನೋಡಲಿ! ಬಾಪ್ಪು ಅಂಗಿಯೊಳಗೆ ಹಳೆಯ ಪೇಪರ್ ತುರುಕಿಕೊಂಡು, ತಲೆಗೆ ಬೈರಾಸು ಸುತ್ತಿಕೊಂಡು ಹೊರಟರೆ ಪ್ರತಿ ತಿರುವಿನಲ್ಲೂ ಚರಚರ ಸದ್ದು. ಮಂಜಿನಲ್ಲಿ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ.

ಒಂದು ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕವಿತ್ತು. ಮನುಷ್ಯರು ನಡೆದು ದಾಟುವಾಗಲೇ ದೇವರನ್ನು ನೆನೆಯುವ ಸಂಕ. ಮೊದಲ ಸಲ ಅದು ಎದುರು ಬಂದಾಗ, ಇಳಿದು ನಡೆಯುತ್ತೇನೆ ಎಂದು ಬೇಡಿಕೊಂಡೆ.

"ಹೆದರಿಕೆ ಎಂತಕ್ಕೆ? ಕಣ್ಣು ಮುಚ್ಚಿಕೋ. ಮುಚ್ಚಿದರೆ ಎಂತದೂ ಆಗುದಿಲ್ಲ."

ಮುಚ್ಚಿದೆ. ಕೆಳಗೆ ನೀರಿನ ಸದ್ದು, ಅಡಿಕೆ ಮರ ಕಿರ್ರೆಂದದ್ದು, ಆಮೇಲೆ ಗಟ್ಟಿ ನೆಲ. ನನಗೆ ಖುಷಿಯೋ ಖುಷಿ!

"ಹೌದು ಬಾಪ್ಪು, ಕಣ್ಣು ಮುಚ್ಚಿದರೆ ಹೆದರಿಕೆಯೇ ಇಲ್ಲ!"

"ಅಲ್ವಾ? ನಾನೂ ಹಾಗೇ ಮಾಡುದು," ಎಂದರು ಬಾಪ್ಪು.

ಅಂದಿನಿಂದ ನಾನು ಆ ಸಂಕದ ಮೇಲೆ ಎರಡೂ ಕಣ್ಣನ್ನು ದೊಡ್ಡದಾಗಿ ತೆರೆದೇ ಕೂರುತ್ತಿದ್ದೆ. ಒಬ್ಬರಾದರೂ ನೋಡುತ್ತಿರಬೇಕಲ್ಲ!

ಇನ್ನೊಂದು ಸಲ ಕಟ್ಟದ ನೀರಿಗೆ ಬಿದ್ದೆವು. ಕಟ್ಟ ಎಂದರೆ, ಮಳೆ ನಿಂತು ತೋಡಿನ ನೀರು ಸಣ್ಣದಾದ ಮೇಲೆ, ಚಳಿಗಾಲದಲ್ಲಿ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುತ್ತಾರಲ್ಲ, ಅದು. ಸುಗ್ಗಿ ಬೆಳೆಗೆ ನೀರು ಬೇಕಲ್ಲ? ಮುಂಚಿನ ದಿನ ಪಾದ ಮುಳುಗುವಷ್ಟು ನೀರಿದ್ದಲ್ಲಿ ಕಟ್ಟ ಬಿದ್ದ ಮರುದಿನ ಎದೆಮಟ್ಟ ನೀರು. ಬಾಪ್ಪು ಅಂಥ ಕೆಲಸಕ್ಕೆ ಎಲ್ಲರಿಗಿಂತ ಮುಂದೆ. ತಾವೇ ಹಿಂದಿನ ಸಂಜೆ ಕಲ್ಲು ಹೊತ್ತು ಕಟ್ಟಿದ ಕಟ್ಟವನ್ನು ಬೆಳಿಗ್ಗೆ ಪೂರ್ತಿ ಮರೆತು, ನನ್ನನ್ನು ಹೊತ್ತುಕೊಂಡು ಸೀದಾ ನೀರಿಗೆ ಇಳಿಸಿದರು. ನಾನು ಮುಳುಗಿ, ಎದ್ದು, ಉಸಿರು ಸಿಕ್ಕದೆ ಒದ್ದಾಡುತ್ತಿದ್ದರೆ ಅವರು ಕೇಳಿದ ಮೊದಲ ಪ್ರಶ್ನೆ, "ಹೂವಿಗೆ ಎಂತ ಆಗಲಿಲ್ಲ ಅಲ್ವಾ?" ಹೂವಿಗೆ ಏನೂ ಆಗಿರಲಿಲ್ಲ. ಮುಳುಗುವಾಗಲೂ ನಾನು ಅದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ಈಗಲೂ ಆ ವಿಷಯಕ್ಕೆ ನನಗೆ ಸಿಟ್ಟಿದೆ.

ಹದಿನಾರು ತುಂಬಿ ಮಣಿಪಾಲದ ಕಾಲೇಜಿನಲ್ಲಿ ಸೀಟು ಕೇಳಲು ಹೋಗುವ ದಿನ ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಲಂಗ ದಾವಣಿ ಉಟ್ಟಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಮಣಿಪಾಲ ಆಗ ಅರ್ಧ ಕಟ್ಟಡ, ಅರ್ಧ ಕಲ್ಲುಗುಡ್ಡ. ಬಾಪ್ಪು ಕಲ್ಲುಗುಡ್ಡದ ಕಡೆಯಿಂದಲೇ ಹತ್ತಿಸಿದರು. ಮೇಲೆ ಮುಟ್ಟುವಾಗ ನಾನು ತಲೆಯಿಂದ ಪಾದದವರೆಗೆ ಕೆಂಪು. ಬಾಗಿಲಲ್ಲಿದ್ದ ಮುದುಕ ನನ್ನನ್ನು ನೋಡಿ ಕನಿಕರದಿಂದ, "ಕಲ್ಲು ಹೊರುವವರಿಗೆ ಹಿಂದಿನ ಬದಿಯಲ್ಲಿ ಕೆಲಸ ಅಮ್ಮಾ," ಎಂದ! ಸೀಟು ಸಿಕ್ಕಿತು. ಮನೆಗೆ ಬಂದು, ಇನ್ನು ನಾನು ಎಲ್ಲರ ಹಾಗೆ ಬಸ್ಸಿನಲ್ಲಿ ಹೋಗುತ್ತೇನೆ ಎಂದು ಧೈರ್ಯಮಾಡಿ ಹೇಳಿದೆ.

"ಬಸ್ಸಾ?" ಎಂದರು ಬಾಪ್ಪು. ಅನ್ನದ ಬಟ್ಟಲು ಬಿಟ್ಟು ಎದ್ದು ಹೋದರು. ಮಾಂಯ್ ನನ್ನನ್ನು ಗುರಾಯಿಸಿ ನೋಡಿದರು. ಮರುದಿನದಿಂದ ದಿನಾ ಮಣಿಪಾಲಕ್ಕೆ ಅದೇ ಕ್ಯಾರಿಯರು, ಅದೇ ಕಲ್ಲುಗುಡ್ಡ. ಗೆಳತಿಯರು ಬಸ್ಸಿನ ಕಿಟಕಿಯಲ್ಲಿ ಕೂತು ಬರುವಾಗ ನಾನು ತಲೆಯಲ್ಲಿ ಮುಳ್ಳಿಟ್ಟುಕೊಂಡು ಪೊದೆಯಿಂದ ಇಳಿಯುತ್ತಿದ್ದೆ. ಯಾವ ಹುಡುಗಿ ತಡೆದಾಳು?

ಆ ವರ್ಷವೇ ಬಂತು ಸ್ಪರ್ಧೆ. ಕಾಪುವಿನ ಯುವಕ ಸಂಘದವರು ಸೇರಿ ಡಬಲ್ ಸೈಕಲ್ ರೇಸು ಇಟ್ಟರು. ಒಬ್ಬ ತುಳಿಯುವುದು, ಒಬ್ಬ ಹಿಂದೆ ಕೂರುವುದು. ಆದರೆ ರಸ್ತೆಯಲ್ಲಿ ಡಬಲ್ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುವ ಕಾಲ ಅದು. ಹಾಗಾಗಿ ಕಾರ್ಕಳದಿಂದ ಕಾಪುವಿನ ಕಡಲತೀರದವರೆಗೆ ಗುಡ್ಡ, ಗದ್ದೆ, ತೋಡಿನಲ್ಲೇ ಬರಬೇಕು, ರಸ್ತೆ ಎದುರಾದರೆ ಅಡ್ಡ ದಾಟಬಹುದು, ಉದ್ದಕ್ಕೆ ಹೋಗಕೂಡದು ಎಂದು ನಿಯಮವಾಯಿತು. ಇದನ್ನು ಕೇಳಿದ ದಿನ ಬಾಪ್ಪುವಿನ ಮುಖ ನೋಡಬೇಕಿತ್ತು! ಜಗತ್ತು ಕೊನೆಗೂ ತಮ್ಮ ದಾರಿಗೆ ಬಂತು ಎಂಬಂಥ ನಗು.

ಇನ್ನೊಂದು ನಿಯಮವಿತ್ತು. ಹಿಂದೆ ಕೂತವರ ಕಾಲು ನೆಲಕ್ಕೆ ತಾಗಕೂಡದು. ಅದಕ್ಕೆ ಹೊರಡುವಾಗ ಅವರ ಅಂಗಾಲಿಗೆ ದಪ್ಪಕ್ಕೆ ಸುಣ್ಣ ಬಳಿಯುತ್ತಾರೆ, ಕಾಪುವಿನಲ್ಲಿ ಕಾಲೆತ್ತಿಸಿ ನೋಡುತ್ತಾರೆ. ಸುಣ್ಣ ಹೋಗಿದ್ದರೆ ಔಟ್. ಬೀಳಬಹುದು, ಉರುಳಬಹುದು, ಕಾಲೂರುವ ಹಾಗಿಲ್ಲ. ನನಗೆ ಇದರ ಅರ್ಥ ಹೊಳೆಯಲು ಒಂದು ನಿಮಿಷ ಬೇಕಾಯಿತು. ಆ ಸೈಕಲ್ಲಿನ ಬ್ರೇಕು ನನ್ನ ಕಾಲು! ಅಂದರೆ ಕಾರ್ಕಳದಿಂದ ಕಾಪುವಿನವರೆಗೆ ಬ್ರೇಕೇ ಇಲ್ಲ!

"ನಾನು ಬರುವುದಿಲ್ಲ," ಎಂದೆ.

"ನಿನ್ನ ಬಿಟ್ಟು ಯಾರನ್ನು ಕೂರಿಸುದು ಮಾರಾಯ್ತಿ? ನಿನ್ನ ಭಾರ ನನ್ನ ಸೈಕಲ್ಲಿಗೆ ಗೊತ್ತುಂಟು."

"ಗೆದ್ದರೆ ನನ್ನನ್ನು ಬಸ್ಸಿನಲ್ಲಿ ಕಾಲೇಜಿಗೆ ಬಿಡಬೇಕು. ಮಾತು ಕೊಡಿ."

ಬಾಪ್ಪು ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸಿದರು. ಎಲ್ಲ ಒರೆಸಿ ಮುಗಿದ ಮೇಲೆ, "ಆಯ್ತು," ಎಂದರು.

ನವೆಂಬರ್ ಇಡೀ ಅವರು ದಾರಿ ನೋಡಿಕೊಂಡು ಬಂದರು. ಕಡಲತೀರಕ್ಕೆ ಹೋಗಬೇಕಾದರೆ ಕೊನೆಯಲ್ಲಿ ಹೆದ್ದಾರಿಯೊಂದನ್ನು ದಾಟಲೇಬೇಕು, ಅದಕ್ಕೆ ಎಂತ ಮಾಡುತ್ತೀರಿ ಎಂದು ನಾನು ಕೇಳಿದೆ. ಬಾಪ್ಪು ಗುಟ್ಟಾಗಿ ಹೇಳಿದರು. ಕಾಪುವಿನ ಹತ್ತಿರ ಹೆದ್ದಾರಿಯ ಅಡಿಯಲ್ಲಿ ತೋಡು ಹರಿಯುವ ದೊಡ್ಡ ಮೋರಿಯಿದೆ. ಪಾದ ಮುಳುಗುವಷ್ಟೇ ನೀರು. ತಲೆ ತಗ್ಗಿಸಿ ಒಳಗೆ ಹೊಕ್ಕರೆ ಆಚೆ ಬದಿಯಲ್ಲಿ ಏಳುವುದು! ರಸ್ತೆಯನ್ನು ಮುಟ್ಟದೆಯೇ ರಸ್ತೆ ದಾಟುವ ಉಪಾಯ. ನನಗೆ ನಿಜಕ್ಕೂ ಸಮಾಧಾನವಾಯಿತು, ಯಾಕೆಂದರೆ ನನ್ನ ಬಸ್ಸು ಆ ಮೋರಿಯ ಆಚೆ ನಿಂತಿತ್ತು.

ಕ್ರಿಸ್ಮಸ್ ಕಳೆದು ನಾಲ್ಕನೆಯ ದಿನ, ಬೆಳಕು ಹರಿಯುವಾಗ ಕಾರ್ಕಳದ ಕರಿಬಂಡೆಯ ಬುಡದಲ್ಲಿ ಒಂಬತ್ತು ಜೋಡಿ ನಿಂತೆವು. ಮಂಜು ಎಷ್ಟೆಂದರೆ ಬಂಡೆಯೂ ಇರಲಿಲ್ಲ, ಕಾರ್ಕಳವೂ ಇರಲಿಲ್ಲ. ಹುಡುಗಿ ಎಂದರೆ ನಾನೊಬ್ಬಳೇ. ಚಳಿಗೆ ಹಲ್ಲು ಕಟಕಟಿಸುವಾಗ ಒಬ್ಬಾತ ಬಂದು ತಣ್ಣನೆಯ ಸುಣ್ಣವನ್ನು ನನ್ನ ಅಂಗಾಲಿಗೆ ಬಳಿದ. ನಮಗೆ ಸರಿಸಮ ಇದ್ದವರು ಬೆಳ್ಮಣ್ಣಿನ ಅವಳಿ ಅಣ್ಣತಮ್ಮಂದಿರು. ದಾರಿಯಲ್ಲಿ ದಣಿದರೆ ಇವರು ಅದಲುಬದಲಾದರೆ ಯಾರಿಗೆ ಗೊತ್ತಾಗುತ್ತದೆ ಎಂದು ಸಂಘದವರು ಇಬ್ಬರ ಅಂಗಾಲಿಗೂ ಸುಣ್ಣ ಬಳಿಯಲು ಹೊರಟರು. ತುಳಿಯುವವನು ಕಾಲೂರದೆ ಸೈಕಲ್ ಹತ್ತುವುದು ಹೇಗೆ ಎಂದು ಆಮೇಲೆ ಹೊಳೆದು ಒಬ್ಬನದನ್ನು ಒರೆಸಿದರು. ಯಾರದನ್ನು ಒರೆಸಿದ್ದೆಂದು ಅವರಿಗೇ ಗೊತ್ತಿರಲಿಲ್ಲ!

ಸೀಟಿ ಊದಿದರು. ಆಮೇಲಿನದ್ದನ್ನು ನಾನು ಪೂರ್ತಿ ಹೇಳಲಾರೆ, ಅರ್ಧ ನೋಡಲೇ ಇಲ್ಲ. ಮೊದಲ ಇಳಿಜಾರಿನಲ್ಲೇ ಬಾಪ್ಪು ಅಭ್ಯಾಸಬಲದಿಂದ "ಕಾಲು ಕೊಡು!" ಎಂದು ಕೂಗಿದರು. ನಾನು "ಕೊಡಲಿಕ್ಕಿಲ್ಲ!" ಎಂದು ಕೂಗಿದೆ. "ಹೌದಲ್ವಾ!" ಎಂದು ಅವರು ಕೂಗುವಷ್ಟರಲ್ಲಿ ನಾವು ಒಂದು ಗೇರುಮರದ ಕೆಳಗಿನ ಕೊಂಬೆಗಳ ನಡುವಿನಿಂದ ಪಾರಾಗಿ, ಒಣಹುಲ್ಲಿನ ರಾಶಿಯೊಂದಕ್ಕೆ ಹೊಕ್ಕು ನಿಂತೆವು. ಬಿದ್ದಾಗಲೆಲ್ಲ ನಾನು ಬೆನ್ನ ಮೇಲೆ ಬಿದ್ದು ಎರಡೂ ಕಾಲನ್ನು ಆಕಾಶಕ್ಕೆ ಎತ್ತಿ ಮಲಗಬೇಕು. ಬಾಪ್ಪು ಸೈಕಲ್ಲನ್ನು ನೆಟ್ಟಗೆ ಮಾಡಿ, ನನ್ನನ್ನು ಅಕ್ಕಿಮುಡಿಯ ಹಾಗೆ ಎತ್ತಿ ಕ್ಯಾರಿಯರಿಗೆ ಹಾಕಬೇಕು. ಕಾರ್ಕಳದಿಂದ ಶಿರ್ವದವರೆಗೆ ನನ್ನನ್ನು ಐದು ಸಲ ಹೀಗೆ ಎತ್ತಿ ಹಾಕಿದರು. ಗುಡ್ಡದ ಏರಿನಲ್ಲಿ ನನ್ನನ್ನು ಮೇಲೆಯೇ ಕೂರಿಸಿ ತಳ್ಳಿದರು. ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರು ಬಗ್ಗಿದವರು ನೆಟ್ಟಗಾಗಿ, ಈ ಹುಡುಗಿಯ ಕಾಲಿಗೆ ಎಂತ ಆಗಿದೆ ಪಾಪ ಎಂದು ಮರುಗಿದರು.

ಹಸಿವಾದಾಗ ಮಾಂಯ್ ಕಟ್ಟಿ ಕೊಟ್ಟಿದ್ದ ಕ್ರಿಸ್ಮಸ್ಸಿನ ಗುಲಿಯೊ ಉಂಡೆಗಳನ್ನು ಬಾಪ್ಪುವಿನ ಬಾಯಿಗೆ ಹಿಂದಿನಿಂದ ಹಾಕಿದೆ. ಗಟ್ಟಿ ಉಂಡೆ, ಅವರು ಕಡಿಯುವ ಸದ್ದು ಚೈನಿನ ಸದ್ದಿಗಿಂತ ಜೋರು. ಒಬ್ಬೊಬ್ಬರೇ ಹಿಂದುಳಿದರು. ಒಂದು ಜೋಡಿ ಹಟ್ಟಿಯ ಗೊಬ್ಬರದ ಗುಂಡಿಯಲ್ಲಿ ಉಳಿಯಿತು. ಅವಳಿಗಳು ಮಾತ್ರ ದೂರದಲ್ಲಿ ಬರುತ್ತಲೇ ಇದ್ದರು. ಬಿಸಿಲು ಏರುವಾಗ ತೆಂಗಿನ ಸಾಲಿನ ಆಚೆ ಕಾಪುವಿನ ದೀಪಸ್ತಂಭದ ತುದಿ ಕಂಡಿತು. ನಾವೇ ಮೊದಲು! ನಾನು ಮನಸ್ಸಿನಲ್ಲೇ ಬಸ್ಸು ಹತ್ತಿ ಕಿಟಕಿಯ ಬದಿಯಲ್ಲಿ ಕೂತಾಗಿತ್ತು.

ಬಾಪ್ಪು ತೋಡಿನ ಬದಿ ಹಿಡಿದು ಮೋರಿಯ ಬಾಯಿಗೆ ಬಂದರು. ಮೋರಿಗೆ ಬಾಯಿಯೇ ಇರಲಿಲ್ಲ. ತೋಡು ತುಂಬಿ ನಿಂತಿತ್ತು, ನೀರು ಮೋರಿಯ ಮೇಲಿನ ಮಾಡನ್ನು ಮುಟ್ಟುತ್ತಿತ್ತು.

ಅಲ್ಲೇ ದಂಡೆಯ ಮೇಲೆ ಮೀನು ಮಾರುವ ಅಕ್ಕ ಒಬ್ಬಳು ಬುಟ್ಟಿ ಇಳಿಸಿ ಬಸ್ಸಿಗೆ ಕಾಯುತ್ತಿದ್ದಳು. ನಮ್ಮ ಕ್ರಿಸ್ತಿಯನ್ ಗಂಡಸರನ್ನು ತುಳು ಮಾತಾಡುವವರು ಪೊರ್ಬುಗಳು ಎಂದು ಕರೆಯುವ ವಾಡಿಕೆ.

"ಎಂತ ಪೊರ್ಬುಗಳೇ, ತೋಡಲ್ಲಿ ಎಂತ ಹುಡುಕುದು?"

"ನೀರು... ಇಷ್ಟು ನೀರು ಎಲ್ಲಿಂದ ಬಂತು?"

"ಅಯ್ಯೋ ದೇವರೇ, ಕೆಳಗೆ ಕಟ್ಟ ಕಟ್ಟಿದ್ದಾರಲ್ವಾ? ಈ ಸಲ ಮಳೆ ಬೇಗ ಬಿಟ್ಟಿದೆ, ಕ್ರಿಸ್ಮಸ್ಸಿಗೆ ಮೊದಲೇ ಕಟ್ಟಿ ಅಂತ ಹೋದ ತಿಂಗಳು ನಮ್ಮ ಗಂಡಸರಿಗೆ ಹೇಳಿದ್ದು ನೀವೇ!"

ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಊರೂರು ತಿರುಗಿ ಉಪದೇಶ ಮಾಡಿ, ತಮ್ಮ ಸುರಂಗವನ್ನು ತಾವೇ ಮುಚ್ಚಿಸಿಕೊಂಡು ಬಂದ ಮನುಷ್ಯ ಇವರೊಬ್ಬರೇ ಇರಬೇಕು! ಆದರೆ ಆ ಹೆಂಗಸು ಅಲ್ಲಿಗೆ ನಿಲ್ಲಿಸಲಿಲ್ಲ.

"ಮೇಲಿಂದಲೇ ದಾಟಿ ಹೋಗಿ ಮಾರಾಯ್ರೆ. ವಾರಕ್ಕೆ ಎರಡು ಸಲ ಮೀನಿಗೆ ಬರುವಾಗ ಇದೇ ಡಾಮರಿನಲ್ಲಿ ಬಸ್ಸಿಗೂ ಸೈಡ್ ಕೊಡದೆ ಗಾಳಿಯ ಹಾಗೆ ಬರುವವರು, ಇವತ್ತೆಂತ ಹೊಸ ಮದುಮಗಳ ಹಾಗೆ ನಿಂತದ್ದು?"

ನಾನು ಬಾಪ್ಪುವಿನ ಬೆನ್ನನ್ನೇ ನೋಡಿದೆ. ಮನೆಗೆ ಬರುತ್ತಿದ್ದ ಬಂಗುಡೆ, ಬೂತಾಯಿ ಎಲ್ಲಿಂದ ಬರುತ್ತದೆಂದು ನಾನು ಯಾವತ್ತೂ ಕೇಳಿರಲಿಲ್ಲ. ನಾನು ಕಾಲೇಜಿನಲ್ಲಿ ಕೂತಿರುವಾಗ ಈ ಮನುಷ್ಯ ಇದೇ ಹೆದ್ದಾರಿಯಲ್ಲಿ, ಇದೇ ಬಸ್ಸುಗಳ ನಡುವೆ ಓಡಾಡುತ್ತಿದ್ದರು. ರಸ್ತೆಯ ಹೆದರಿಕೆಯೇ ಅವರಿಗೆ ಇರಲಿಲ್ಲ. ಕ್ಯಾರಿಯರು ಖಾಲಿಯಿದ್ದರೆ ಅವರು ಯಾವ ರಸ್ತೆಗೂ ಹೆದರುವವರಲ್ಲ. ಮುಳ್ಳು, ಕೋರೆ, ಸಂಕ, ಕಲ್ಲುಗುಡ್ಡ, ಆ ಎಲ್ಲ ವರ್ಷಗಳು, ಹಿಂದೆ ನಾನು ಕೂತಿದ್ದೇನೆ ಎಂಬ ಒಂದೇ ಕಾರಣಕ್ಕೆ!

ಬಾಪ್ಪು ಸೈಕಲ್ಲನ್ನು ನನ್ನ ಸಮೇತ ತಳ್ಳಿ ಹೆದ್ದಾರಿಯ ಅಂಚಿಗೆ ತಂದರು. ಹಿಂದೆ ಗದ್ದೆಯ ಹುಣಿಯಲ್ಲಿ ಅವಳಿಗಳು ಕಾಣಿಸಿದರು.

"ಗಟ್ಟಿ ಹಿಡ್ಕೋ ಬಾಯೆ. ಈಗ ಹೋಗುವಾ," ಎಂದರು. ಪೆಡಲಿನ ಮೇಲೆ ಕಾಲಿಟ್ಟರು, ತೆಗೆದರು. ಎಲ್ಲೋ ದೂರದಲ್ಲಿ ಬಸ್ಸೊಂದು ಹಾರ್ನ್ ಹಾಕಿತು. "ಅದು ಹೋಗಲಿ," ಎಂದರು. ಅದು ಬಂದು, ಹೋಗಿ, ರಸ್ತೆ ಖಾಲಿಯಾಯಿತು. ಮತ್ತೆ ಕಾಲಿಟ್ಟರು, ತೆಗೆದರು. "ಇನ್ನೊಂದು ಬರ್ತದೋ ಏನೋ." ಡಿಸೆಂಬರಿನ ಆ ತಂಪಿನಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಹಿಡಿದುಕೊಂಡಿದ್ದ ಆ ಬೆನ್ನು ನಡುಗುತ್ತಿತ್ತು. ಒಳಗಿನ ಹಳೆಯ ಪೇಪರು ಸಣ್ಣಗೆ ಚರಚರ ಎನ್ನುತ್ತಿತ್ತು.

"ಈಗ ಹೋಗುವಾ," ಎಂದರು ಮೂರನೆಯ ಸಲ. ಆ ಸ್ವರ ಅವರದ್ದೇ ಆಗಿರಲಿಲ್ಲ.

ನಾನು ಕೆಳಗೆ ಹಾರಿದೆ. ಎರಡೂ ಕಾಲು ನೆಲಕ್ಕೆ.

"ಅಯ್ಯೋ, ಎಂತ ಮಾಡಿದೆ ಬಾಯೆ! ಗೆಲ್ತಿದ್ದೆವು!"

"ನನಗೆ ಹೆದರಿಕೆ ಆಗ್ತದೆ ಬಾಪ್ಪು. ನಡೆದೇ ದಾಟುವಾ."

ಅವರು ತಿರುಗಿ ನನ್ನ ಮುಖ ನೋಡಿದರು. "ಮತ್ತೆ ನಿನ್ನ ಬಸ್ಸು?"

"ಬಸ್ಸಿಗೂ ಹೆದರಿಕೆ ಆಗ್ತದೆ."

ಬಾಪ್ಪು ದೀರ್ಘವಾಗಿ ಉಸಿರು ಬಿಟ್ಟರು. ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ, ಖಾಲಿ ರಸ್ತೆಯನ್ನು ದಾಟಿಸಿದರು. ಆಚೆ ನಿಂತು ಹಿಂದಿರುಗಿ ನೋಡಿದರೆ ಕಪ್ಪು ಡಾಮರಿನ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ನನ್ನ ಬಿಳಿ ಹೆಜ್ಜೆಗಳು. ಅವುಗಳ ಮೇಲೆಯೇ ಅವಳಿಗಳು ಸರ್ರನೆ ದಾಟಿ ಹೋದರು.

ಕಡಲತೀರದಲ್ಲಿ ಸಂಘದವರು ನನ್ನ ಕಾಲೆತ್ತಿಸಿ ನೋಡಿ, "ಸುಣ್ಣ ಎಲ್ಲಿ?" ಎಂದರು.

"ಎಂತ ಮಾಡುದು ಮಾರಾಯ್ರೆ," ಎಂದರು ಬಾಪ್ಪು, ಎಲ್ಲರಿಗೂ ಕೇಳುವ ಹಾಗೆ. "ಹೆದ್ದಾರಿ ಹತ್ತಿರ ಹುಡುಗಿ ಹೆದರಿಬಿಟ್ಟಳು. ಮೊದಲಿನಿಂದಲೂ ಹೆದರುಪುಕ್ಕಲಿ ಅವಳು."

ಎಲ್ಲರೂ ನನ್ನನ್ನು ನೋಡಿ ನಕ್ಕರು. ಹೌದು, ತುಂಬ ಹೆದರಿದೆ ಎಂದು ನಾನೂ ತಲೆಯಾಡಿಸಿದೆ. ಹುಟ್ಟಿದ ಮೇಲೆ ಮೊದಲ ಬಾರಿಗೆ ನನಗೆ ಹೆದರಿಕೆಯೇ ಆಗದೆ ಇದ್ದ ಹೊತ್ತು ಅದು ಎಂದು ನಾನು ಯಾರಿಗೂ ಹೇಳಲಿಲ್ಲ. ಬಾಪ್ಪುವಿಗಂತೂ ಅವರು ಇರುವವರೆಗೂ ಹೇಳಲಿಲ್ಲ. ಮಣಿಪಾಲದ ಓದು ಮುಗಿಯುವವರೆಗೆ ಆ ಕ್ಯಾರಿಯರಿನ ಮೇಲೆಯೇ ಕೂತು, ಪ್ರತಿ ಇಳಿಜಾರಿನಲ್ಲೂ ಕಿರುಚಿಕೊಂಡು ಹೋಗಿ ಬಂದೆ. ಬಸ್ಸಿನ ಮಾತನ್ನು ಮತ್ತೆ ಎತ್ತಲಿಲ್ಲ.

ಆ ದಿನ ಹಿಂದಿರುಗುವಾಗ ಮತ್ತೆ ಅದೇ ಹೆದ್ದಾರಿ ಬಂತು. ಇನ್ನೂ ಇಪ್ಪತ್ತು ಮಾರು ದೂರವಿರುವಾಗಲೇ ಬಾಪ್ಪು ತಾವಾಗಿ ಸೈಕಲ್ಲು ನಿಲ್ಲಿಸಿ ಇಳಿದರು.

"ಇಳಿ ಬಾಯೆ. ನಿನಗೆ ಹೆದರಿಕೆ ಅಲ್ವಾ?" ಎಂದು ಕೈ ಚಾಚಿದರು.

ಅವರ ಅಂಗಿಯೊಳಗಿನ ಪೇಪರು ಮತ್ತೆ ಸಣ್ಣಗೆ ಚರಚರ ಎನ್ನುತ್ತಿತ್ತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.